ಅಕ್ಕ ತಡೆದು ನಿಲ್ಲಿಸಿದ ಸಾಲು

ಶಿಗ್ಗಾಂವಿಯ ನಮ್ಮ ಮನೆಯಲ್ಲಿ ಕಟ್ಟಿಗೆಯ ಹೊಟ್ಟು ಬೀಳದ ಜಾಗವೇ ಇರಲಿಲ್ಲ. ಅಪ್ಪ ಬಡಿಗ. ಪಡಸಾಲೆಯಲ್ಲಿ ಬೀದಿಯ ಕಡೆಯ ಅರ್ಧ ಅವನ ಕೆಲಸಕ್ಕೆ, ಒಳಗಡೆಯ ಅರ್ಧ ನಮ್ಮೆಲ್ಲರ ಊಟಕ್ಕೆ, ಓದಿಗೆ, ನಿದ್ದೆಗೆ. ಚಕ್ಕಡಿಯ ಗಾಲಿ, ಬಿತ್ತುವ ಕೂರಿಗೆ, ಯಾರದೋ ಮೊಮ್ಮಗನ ತೊಟ್ಟಿಲು, ಹೀಗೆ ಏನಾದರೊಂದು ಅರ್ಧಕ್ಕೆ ನಿಂತು ಗೋಡೆಗೆ ಒರಗಿರುತ್ತಿತ್ತು. ಅವ್ವ ಹಿಟ್ಟಿನ ಪರಾತದ ಮೇಲೆ ಸದಾ ಒದ್ದೆ ಬಟ್ಟೆ ಮುಚ್ಚಿಡುತ್ತಿದ್ದಳು. ಆದರೂ ವಾರಕ್ಕೊಮ್ಮೆಯಾದರೂ ರೊಟ್ಟಿಯಲ್ಲಿ ಸಾಗವಾನಿಯ ಸಿಬಿರೊಂದು ಹಲ್ಲಿಗೆ ಸಿಗುತ್ತಿತ್ತು. ಅಪ್ಪ ಅದನ್ನು ಬಾಯಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿ, "ಇದು ಗೌಡರ ಬಾಗಲದ್ದು" ಎಂದು ಗುರುತು ಹೇಳಿ ಪಕ್ಕಕ್ಕಿಡುತ್ತಿದ್ದ. ಅವ್ವ ಬಯ್ಯುತ್ತಿದ್ದಳು. ಅವನು ಮುಂದಿನ ತುತ್ತು ಮುರಿಯುತ್ತಿದ್ದ. ಸೌದೆಯಾಗುವ ತುಂಡನ್ನೂ ಎರಡು ಸಲ ತಿರುಗಿಸಿ ನೋಡದೆ ಕತ್ತರಿಸದ ಮನುಷ್ಯ ಅವನು. ಅವನ ಹೊಟ್ಟೆಯಲ್ಲಿ ಹುಟ್ಟಿದ ನಾನು ಮಾತ್ರ ಕಂಡದ್ದನ್ನೆಲ್ಲ ಗುಳುಂ ಮಾಡುವ ಸ್ವಭಾವದವನು. ಊಟವೂ ಹಾಗೆ, ಓದೂ ಹಾಗೆ.

ಅಕ್ಕ ಗಂಗಮ್ಮ ನನಗಿಂತ ಎಂಟು ವರ್ಷ ದೊಡ್ಡವಳು. ಹಿರೇಕೆರೂರಿಗೆ ಮದುವೆಯಾಗಿ ಹೋದವಳು ಎರಡನೆಯ ವರ್ಷವೇ ತಿರುಗಿ ಬಂದಳು. ಗಂಡ ಕಾಲರಾದಲ್ಲಿ ತೀರಿಕೊಂಡಿದ್ದ. ಅಪ್ಪ ತಾನೇ ಚಕ್ಕಡಿ ಹೂಡಿಕೊಂಡು ಹೋಗಿ ಅವಳನ್ನು ಕರೆತಂದ ದಿನ ನನಗೆ ಮಸುಕಾಗಿ ನೆನಪಿದೆ. ಒಂದು ವರ್ಷ ಅವಳು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಒಂದು ದಿನ ಕಪಾಟಿನಲ್ಲಿದ್ದ ತನ್ನ ಹಳೆಯ ಕನ್ನಡ ಪುಸ್ತಕಗಳನ್ನು ಇಳಿಸಿ ಧೂಳು ಒರೆಸಿದಳು. ಆ ವಾರ ಅಪ್ಪ ಯಾರದೋ ಕೂರಿಗೆಯ ಕೆಲಸ ಬದಿಗಿಟ್ಟು, ನೆಲದ ಮೇಲೆ ಕೂತು ಬರೆಯುವಂಥ ಗಿಡ್ಡ ಮೇಜೊಂದನ್ನು ಮಾಡಿ ಅವಳ ಮುಂದೆ ಇಟ್ಟ. ಅಕ್ಕ ಮುಲ್ಕಿ ಪರೀಕ್ಷೆ ಪಾಸಾಗಿ ಊರಿನ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರತಿಯಾದಳು. ಮುಲ್ಕಿ ಎಂದರೆ ಕನ್ನಡ ಏಳನೆಯ ತರಗತಿ. ಅಲ್ಲಿ ಇಂಗ್ಲಿಷ್ ಇರಲಿಲ್ಲ. ನಾನು ಹೈಸ್ಕೂಲು ಮುಗಿಸಿ ಬಿಸಾಕಿದ್ದ ಮೊದಲನೆಯ ಇಂಗ್ಲಿಷ್ ಪುಸ್ತಕವನ್ನು ಅವಳು ಎತ್ತಿಟ್ಟುಕೊಂಡು, ಅಕ್ಷರಗಳನ್ನೂ ನಲವತ್ತು ಐವತ್ತು ಪದಗಳನ್ನೂ ತಾನಾಗಿಯೇ ಕಲಿತಿದ್ದಳು. ಅವಳು ಪಾಟಿಯ ಮೇಲೆ ತಿದ್ದುತ್ತಿದ್ದ ಆ ಅಕ್ಷರಗಳನ್ನು ನೋಡಿ ನಾನು ನಕ್ಕದ್ದುಂಟು.

ನಗುವ ಅಧಿಕಾರ ನನಗಿದೆ ಎಂದುಕೊಂಡಿದ್ದೆ. ನಮ್ಮ ಓಣಿಯಲ್ಲಿ ಮೆಟ್ರಿಕ್ ಪಾಸಾದವರಲ್ಲಿ ನಾನೇ ಮೊದಲಿಗ. ಆ ಕಾಲಕ್ಕೆ ಮೆಟ್ರಿಕ್ ಆದಮೇಲೆ ಎರಡು ವರ್ಷ ಇಂಟರ್ ಓದಬೇಕಿತ್ತು. ಅದಕ್ಕಾಗಿ ಧಾರವಾಡಕ್ಕೆ ಹೋದೆ. ಕಾಲೇಜಿನಲ್ಲಿ ಪ್ರೊಫೆಸರರು ಇಂಗ್ಲಿಷಿನಲ್ಲಿ ಹೇಳಿದ್ದು ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯಲಿಲ್ಲವೆಂದು ಒಪ್ಪಿಕೊಳ್ಳುವುದಕ್ಕಿಂತ ಗೈಡು ಬಾಯಿಪಾಠ ಮಾಡುವುದು ಸುಲಭವಾಗಿತ್ತು. ಪುಟಗಟ್ಟಲೆ ನುಂಗಿದೆ. ರಜೆಯಲ್ಲಿ ಊರಿಗೆ ಬಂದಾಗ ಕಟ್ಟೆಯ ಮೇಲೆ ಇಂಗ್ಲಿಷ್ ಪೇಪರು ಹಿಡಿದು ಕೂತು, ಬಂದವರಿಗೆಲ್ಲ ಎರಡನೆಯ ಮಹಾಯುದ್ಧದ ಸುದ್ದಿ ಹೇಳುತ್ತಿದ್ದೆ. ದಪ್ಪಕ್ಷರದ ನಾಲ್ಕು ಪದ ನೋಡಿ, ಉಳಿದದ್ದನ್ನು ನಾನೇ ಕಟ್ಟಿ ಹೇಳುತ್ತಿದ್ದೆ. ಕೇಳುವವರು ತಲೆದೂಗುತ್ತಿದ್ದರು. ಆ ವರ್ಷ ಇಂಟರ್ ಫಲಿತಾಂಶ ಬಂದಾಗ ನನ್ನ ನಂಬರು ಇರಲಿಲ್ಲ. ಉಳಿದ ವಿಷಯಗಳಲ್ಲೆಲ್ಲ ದಾಟಿದ್ದೆ, ಇಂಗ್ಲಿಷಿನಲ್ಲಿ ಬಿದ್ದಿದ್ದೆ. ಅಪ್ಪ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ.

"ನಾಳಿಂದ ಬಾಚಿ ಹಿಡಿ," ಅಂದ. "ಕಟಗಿ ಸುಳ್ಳ ಹೇಳಂಗಿಲ್ಲ."

ನಾನು ಕಟ್ಟಿಗೆ ಕೆತ್ತುವ ಬಾಚಿ ಹಿಡಿದು ನಾಲ್ಕೈದು ದಿನವಾಗಿರಬೇಕು. ಮಧ್ಯಾಹ್ನ ನೆರೆಮನೆಯ ಬೀಬಿಜಾನವ್ವ ಸೊಸೆಯ ಕೈಹಿಡಿದುಕೊಂಡು ಬಂದಳು. ಅವಳ ಮಗ ದಾವಲಸಾಬ ನನಗಿಂತ ಮೂರು ವರ್ಷ ದೊಡ್ಡವನು. ಹುಬ್ಬಳ್ಳಿಯ ಹಾದಿಯಲ್ಲಿ ಓಡುತ್ತಿದ್ದ ಪ್ರಯಾಣಿಕರ ಸರ್ವಿಸ್ ಮೋಟಾರಿನ ಮೇಲೆ ಡ್ರೈವರಿಕೆ ಕಲಿತು, ಸೈನ್ಯಕ್ಕೆ ಲಾರಿ ಓಡಿಸಲು ಸೇರಿ, ಕಡಲು ದಾಟಿ ಮರಳುಗಾಡಿನ ಯುದ್ಧಕ್ಕೆ ಹೋಗಿದ್ದ. ಹೋಗುವ ಮೊದಲು ಸವಣೂರಿನ ಹುಡುಗಿ ಮಾಬೂಬಿಯ ಜೊತೆ ಅವನ ಮದುವೆಯಾಗಿತ್ತು. ಆರು ತಿಂಗಳಿಂದ ಅವನ ಪತ್ರವಿರಲಿಲ್ಲ. ಈಗ ಟಪಾಲಿನವನು ಉದ್ದನೆಯ ಲಕೋಟೆ ಕೊಟ್ಟುಹೋಗಿದ್ದ.

"ಓದಪ್ಪಾ ಮೋನೇಶಪ್ಪ," ಅಂದಳು ಬೀಬಿಜಾನವ್ವ. "ಸರಕಾರದ್ದಂತ. ನೀ ಅಷ್ಟ ಇಂಗ್ಲೀಷ ಬಲ್ಲಂವ ಈ ಓಣ್ಯಾಗ."

ಬಾಚಿ ಕೆಳಗಿಟ್ಟು ಕೈ ಒರೆಸಿಕೊಂಡು ಕಟ್ಟೆಯ ಮೇಲೆ ನಿಂತೆ. ಸುತ್ತಲಿನ ಮನೆಗಳಿಂದ ಹೆಂಗಸರು ಬಂದು ಸೇರಿದರು. ನಪಾಸಾದವನಿಗೆ ಮತ್ತೆ ಸಿಕ್ಕ ಮಾನ ಅದು. ಮೊದಲು ಇಡೀ ಪತ್ರವನ್ನು ಗಟ್ಟಿಯಾಗಿ, ಧಾರವಾಡದ ಪ್ರೊಫೆಸರರ ಧಾಟಿಯಲ್ಲಿ ಓದಿದೆ. ಅದು ಅಚ್ಚು ಹಾಕಿದ ಪತ್ರ. ಹೆಸರು, ನಂಬರು ಮಾತ್ರ ಕೈಯಿಂದ ತುಂಬಿದ್ದರು. ಮೊದಲ ಸಾಲಿನಲ್ಲೇ ವಿಷಾದ ಎಂಬರ್ಥದ ಪದ ಕಂಡಿತು. ಎರಡನೆಯ ಸಾಲಿನ ಕೊನೆಯಲ್ಲಿ 'ಕಿಲ್ಡ್' ಎಂಬ ಪದ ಕಂಡಿತು. ನಡುವೆ ಏನಿದೆಯೆಂದು ನಾನು ನಿಂತು ನೋಡಲಿಲ್ಲ. ಪತ್ರ ಮಡಚಿ ಹೇಳಿದೆ:

"ದಾವಲಸಾಬ ಲಡಾಯಿದಾಗ ತೀರಿಕೊಂಡಾನ."

ಆಮೇಲೆ ಆದದ್ದನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. ಬೀಬಿಜಾನವ್ವ ನಿಂತಲ್ಲೇ ಕುಸಿದಳು. ಹೆಂಗಸರ ಅಳು ಓಣಿಯ ತುದಿಗೆ ಮುಟ್ಟಿತು. ಮಾಬೂಬಿ ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವಳ ಕಡೆಯ ಮುದುಕಿಯೊಬ್ಬಳು ಅವಳನ್ನು ನಮ್ಮ ಕಟ್ಟೆಯ ಕಲ್ಲಿನ ಹತ್ತಿರ ಕೂಡಿಸಿ, ಎಡಗೈ ಹಿಡಿದು ಬಳೆ ಒಡೆಯತೊಡಗಿದಳು. ಎರಡು ಬಳೆ ಒಡೆದವು. ಆ ಹೊತ್ತಿಗೆ ಅಕ್ಕ ಶಾಲೆಯಿಂದ ಬಂದಳು. ಏನಾಯಿತೆಂದು ಅವ್ವ ಹೇಳಿದಳು. ಅಕ್ಕ ಚೀಲವನ್ನೂ ಇಳಿಸದೆ ನನ್ನ ಕೈಯಿಂದ ಪತ್ರ ತೆಗೆದುಕೊಂಡು, ಬೆರಳಿಟ್ಟು ಒಂದೊಂದೇ ಪದವನ್ನು ಸವರುತ್ತ ಹೋದಳು. ಅವಳಿಗೆ ಬರುತ್ತಿದ್ದದ್ದು ಐವತ್ತು ಪದ. ಬೆರಳು ಒಂದು ಕಡೆ ನಿಂತಿತು.

"ಮೋನ್ಯಾ, ಇದು ನಾಟ್ ಹೌದಲ್ಲ?"

"ಹೌದು."

"ನಾಟ್ ಅಂದ್ರ ಇಲ್ಲ ಅಂತ ಹೌದಲ್ಲ?"

"ಹೌದು."

"ನೀ ಹೇಳಿದ್ದರಾಗ ಇಲ್ಲ ಅನ್ನೂದು ಎಲ್ಲಿ ಬಂತು?"

ಅಕ್ಕ ಕಲ್ಲಿನ ಹತ್ತಿರ ಹೋಗಿ ಮುದುಕಿಯ ಕೈಯಿಂದ ಮಾಬೂಬಿಯ ಕೈ ಬಿಡಿಸಿದಳು. "ಸ್ವಲ್ಪ ತಡೀರಿ ಅವ್ವಾರ," ಅಂದಳು. "ಓದಿದ್ದು ಇನ್ನೂ ಮುಗದಿಲ್ಲ." ಅವಳ ದನಿ ಶಾಲೆಯಲ್ಲಿ ಹುಡುಗಿಯರಿಗೆ ಕೂಡಿಸುವ ಲೆಕ್ಕ ಹೇಳುವಾಗ ಇರುವಷ್ಟೇ ಇತ್ತು. ಆಮೇಲೆ ನನ್ನನ್ನು ತನ್ನ ಗಿಡ್ಡ ಮೇಜಿನ ಮುಂದೆ ಕೂಡಿಸಿದಳು. ನಾನು ಡಿಕ್ಷನರಿ ತೆಗೆದೆ. ಅಪ್ಪ ಕೆಲಸ ನಿಲ್ಲಿಸಿ, ಬಾಗಿಲಲ್ಲಿ ನಿಂತವರನ್ನು ಬೆಳಕಿಗೆ ಅಡ್ಡ ಬರದ ಹಾಗೆ ಸರಿಸಿದ. ಅಕ್ಕ ಪದ ತೋರಿಸುತ್ತಿದ್ದಳು, ನಾನು ಅರ್ಥ ಹುಡುಕುತ್ತಿದ್ದೆ, ಅವಳು ಅದನ್ನು ಪಾಟಿಯ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದಳು. ಆ ಎರಡು ಮೂರು ಸಾಲಿಗೆ ಸುಮಾರು ಒಂದು ತಾಸು ಹಿಡಿಯಿತು. ದಾವಲಸಾಬ ಕಾಣೆಯಾಗಿದ್ದಾನೆಂದು ವರದಿ ಬಂದಿದೆ. ಕಾಣೆಯಾಗಿದ್ದಾನೆಂದರೆ ಸತ್ತಿದ್ದಾನೆಂದೇ ತಿಳಿಯಬೇಕಾಗಿಲ್ಲ. ವೈರಿಗಳ ಕೈಗೆ ಸೆರೆ ಸಿಕ್ಕಿರಲೂಬಹುದು. ಪತ್ರದಲ್ಲಿ ಇದ್ದದ್ದು ಇಷ್ಟು.

ಬೀಬಿಜಾನವ್ವ ಅಕ್ಕನ ಎರಡೂ ಕೈ ಹಿಡಿದುಕೊಂಡಳು.

"ಹಂಗಾರ ನನ್ನ ಮಗ ಅದಾನೇನವ್ವಾ?"

"ಅದಾನ ಅಂತ ಬರದಿಲ್ಲ ಬೀಬಿಜಾನವ್ವ. ಇಲ್ಲ ಅಂತನೂ ಬರದಿಲ್ಲ. ಅವರು ಎಷ್ಟು ಬರದಾರೋ ಅಷ್ಟ ಹೇಳಾಕತ್ತೇನಿ."

ಬೇರೆ ಯಾರೇ ಆಗಿದ್ದರೂ ಆ ತಾಯಿಗೆ ಬದುಕಿದ್ದಾನೆ ಎಂದು ಹೇಳಿಬಿಡುತ್ತಿದ್ದರು. ನಾನಂತೂ ಹೇಳುತ್ತಿದ್ದೆ. ಅಕ್ಕ ಹೇಳಲಿಲ್ಲ. ಅವಳ ಆ ಒಂದು ಮಾತು ನನ್ನಲ್ಲಿ ಇಳಿದಷ್ಟು ಆಳಕ್ಕೆ ಆಮೇಲೆ ಯಾವ ಪ್ರೊಫೆಸರರ ಮಾತೂ ಇಳಿಯಲಿಲ್ಲ. ಅವ್ವ ಮಾಬೂಬಿಯನ್ನು ಒಳಗೆ ಕರೆದುಕೊಂಡು ಹೋಗಿ, ತನ್ನ ಕೈಯ ಎರಡು ಹಸಿರು ಬಳೆ ಬಿಡಿಸಿ ಅವಳಿಗೆ ಏರಿಸಿ, ಮಜ್ಜಿಗೆ ಕುಡಿಸಿ ಕಳಿಸಿದಳು. ನಾನು ಹಿತ್ತಲಿನಲ್ಲಿ ಕಟ್ಟಿಗೆಯ ರಾಶಿಯ ಹಿಂದೆ ಕೂತಿದ್ದೆ. ಅಕ್ಕ ಹುಡುಕಿಕೊಂಡು ಬಂದಳು.

"ನಾ ಇನ್ನ ಇಂಗ್ಲೀಷ ಮುಟ್ಟೂದಿಲ್ಲ," ಅಂದೆ.

"ಮುಟ್ಟಲಿಲ್ಲಂದ್ರ ಮುಂದಿನ ಪತ್ರ ಬಂದಾಗ ಯಾರು ಓದ್ತಾರ?"

"ನಾ ಓದೂದು ನೋಡಿದೆಲ್ಲ."

"ನೀ ಓದಲಿಲ್ಲಪಾ, ಓಡಿದಿ. ಇಬ್ಬರೂ ಕೂಡಿ ಓದೂಣು. ನನಗ ಕಲಸು."

ಅಂದು ಸಂಜೆ ಊಟದ ಹೊತ್ತಿಗೆ ಅವಳು ಅಪ್ಪನ ಹತ್ತಿರ ನನ್ನ ಓದಿಗೆ ಇನ್ನೊಂದು ವರ್ಷದ ಅವಕಾಶ ಕೇಳಿದಳು. ಅವ್ವ ಒಪ್ಪಲಿಲ್ಲ. ಒಬ್ಬ ನಪಾಸಾದವ, ಇನ್ನೊಬ್ಬಳು ಇಂಗ್ಲಿಷೇ ಬಾರದವಳು, ಇಬ್ಬರೂ ಕೂತು ಏನು ಕಲಿಯುತ್ತೀರಿ ಎಂದು ಸೌಟು ಕುಕ್ಕಿದಳು. ಅಪ್ಪ ಊಟ ಮುಗಿಸಿ ಕೈ ತೊಳೆದ. ಆಮೇಲೆ, ಮಧ್ಯಾಹ್ನದಿಂದ ನಾನು ಅವನ ಜೊತೆ ಕೆಲಸ ಮಾಡಬೇಕು, ಮುಂಜಾನೆ ನನ್ನ ಪಾಡು ನನ್ನದು ಎಂದು ತೀರ್ಮಾನ ಹೇಳಿದ. ಹಾಗೆ ನಮ್ಮ ಓದು ಶುರುವಾಯಿತು. ಅಕ್ಕ ಶಾಲೆಗೆ ಹೋಗುವ ಮೊದಲು, ಅವ್ವ ಬೀಸುಕಲ್ಲಿನ ಮುಂದೆ ಕೂತ ಹೊತ್ತಿಗೆ, ನಾವಿಬ್ಬರೂ ಮೇಜಿನ ಎರಡು ಬದಿಗೆ ಕೂರುತ್ತಿದ್ದೆವು. ನನ್ನ ಇಂಟರ್ ಪಠ್ಯವೇ ನಮ್ಮ ಪುಸ್ತಕ. ಅಕ್ಕ ಮಾಡಿದ ನಿಯಮ ಒಂದೇ: ದಿನಕ್ಕೆ ಒಂದು ವಾಕ್ಯ. ಅದನ್ನು ನಾನು ಕನ್ನಡದಲ್ಲಿ ಅವ್ವನಿಗೆ ಹೇಳಬೇಕು, ಅವ್ವನಿಗೆ ತಿಳಿಯಬೇಕು. ತಿಳಿಯದಿದ್ದರೆ ಮರುದಿನವೂ ಅದೇ ವಾಕ್ಯ.

ಅವ್ವನಂಥ ಪರೀಕ್ಷಕರು ನನಗೆ ಮುಂದೆಂದೂ ಸಿಗಲಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮಾತಿನಲ್ಲಿ ಎಲ್ಲಿ ಸಂದು ಬಿಟ್ಟಿದೆ ಎಂಬುದು ಗೊತ್ತಾಗುತ್ತಿತ್ತು. ಒಂದು ವಾಕ್ಯದಲ್ಲಿ ಹೆಂಗಸೊಬ್ಬಳಿಗೆ ನೆಗಡಿಯಾಗಿತ್ತು. ಇಂಗ್ಲಿಷಿನವರು ಅದನ್ನು ಅವಳ ಹತ್ತಿರ ನೆಗಡಿ ಇದೆ ಎನ್ನುತ್ತಾರೆಂದು ನಾನು ಪದಕ್ಕೆ ಪದ ಹೇಳಿದೆ. ಬೀಸುಕಲ್ಲು ನಿಂತಿತು.

"ನೆಗಡಿ ಆಕೀಗೆ ಬಂದೈತೋ, ಆಕಿ ನೆಗಡಿ ಸಾಕ್ಯಾಳೋ?"

ಅಕ್ಕ ನಕ್ಕು ನಕ್ಕು ಪಾಟಿ ಕೆಳಗಿಟ್ಟಳು. ಆದರೆ ಅಂದಿನಿಂದ ನನಗೆ ಒಂದು ತಿಳಿಯಿತು: ಪದಕ್ಕೆ ಪದ ಇಟ್ಟ ಮಾತ್ರಕ್ಕೆ ಮಾತು ಕನ್ನಡವಾಗುವುದಿಲ್ಲ, ಆ ಜನ ಹೇಗೆ ನೋಡಿದರು ಎಂದು ಮೊದಲು ನೋಡಬೇಕು. ನಾಮಪದದ ಮುಂದೆ ಬರುವ 'ಎ', 'ದಿ' ಎಂಬ ಪುಟ್ಟ ಪದಗಳನ್ನು ನಾನು ಎಂಟು ವರ್ಷ ಅಂದಾಜಿನ ಮೇಲೆ ಹಾಕುತ್ತ ಬಂದಿದ್ದೆ. ಅಕ್ಕ ಅವುಗಳ ಮೇಲೆ ಮೂರು ದಿನ ಕೂತಳು. ಒಂದು ಕಥೆಯ ಮೊದಲ ಎರಡು ವಾಕ್ಯಗಳನ್ನು ಮತ್ತೆ ಮತ್ತೆ ನೋಡಿ, ನಾಲ್ಕನೆಯ ದಿನ ಹೇಳಿದಳು:

"ಬಾಗಿಲದಾಗ ನಿಂತಾಗ ಎ. ಯಾರೋ ಒಬ್ಬಂವ ಬಂದ. ಒಳಗ ಬಂದು ಕುಂತ ಮ್ಯಾಲೆ ದಿ. ಆ ಬಂದಂವ ನೀರು ಕುಡದ. ಗುರುತಾದ ಮ್ಯಾಲೆ ದಿ ಅಂತಾರ, ಹೌದಿಲ್ಲೋ?"

ಅದು ಪೂರ್ತಿ ವ್ಯಾಕರಣವಲ್ಲವೆಂದು ಈಗ ಗೊತ್ತು. ಆದರೆ ಮುಂದೆ ನೂರಾರು ಮಕ್ಕಳಿಗೆ ನಾನು ಅದನ್ನು ಹಾಗೆಯೇ ಹೇಳಿಕೊಟ್ಟೆ.

ನನಗೆ ಈ ನಿಧಾನ ಸುಲಭಕ್ಕೆ ಒಗ್ಗಲಿಲ್ಲ. ಎರಡು ತಿಂಗಳಾದರೂ ಪುಸ್ತಕದ ನಾಲ್ಕನೆಯ ಪುಟ ದಾಟಿರಲಿಲ್ಲ. ಒಂದು ಮುಂಜಾನೆ ಸಿಟ್ಟು ಬಂದು, ಹೀಗಾದರೆ ಪರೀಕ್ಷೆ ಬರುವಾಗ ಮೊದಲ ಪಾಠವೂ ಮುಗಿದಿರುವುದಿಲ್ಲ, ಮಾಸ್ತರತಿಯ ಆಟಕ್ಕೆ ನನ್ನ ವರ್ಷ ಹಾಳಾಯಿತು ಎಂದು ಕೂಗಾಡಿದೆ. ಅಕ್ಕ ಮುಖ ಕೆಂಪಾಗಿ ಎದ್ದು ಶಾಲೆಗೆ ಹೋದಳು. ನಾನು ಪುಸ್ತಕ ಕಟ್ಟಿಕೊಂಡು ಹಾನಗಲ್ಲಿಗೆ, ಸೋದರಮಾವನ ಮನೆಗೆ ಹೋದೆ. ಅಲ್ಲಿ ಅಡಚಣೆ ಮಾಡುವವರಿಲ್ಲ. ಮೊದಲಿನ ಹಾಗೆ ದಿನಕ್ಕೆ ಹತ್ತು ಪುಟ ಹೊಡೆಯಬೇಕೆಂದು ಕೆರೆಯ ದಂಡೆಯ ಮೇಲೆ ಕೂತೆ. ಓದಿದ ಮೊದಲ ವಾಕ್ಯ ಮುಗಿಯುವ ಮುಂಚೆಯೇ, ಇದನ್ನು ಅವ್ವನಿಗೆ ಹೇಗೆ ಹೇಳುವುದು ಎಂಬ ಯೋಚನೆ ಬಂತು. ಹೇಳಲು ಬರಲಿಲ್ಲ. ಮತ್ತೆ ಓದಿದೆ. ಆ ದಿನ ಮೂರು ವಾಕ್ಯವಾಯಿತು. ಮೂರೂ ನನ್ನವಾಗಿದ್ದವು. ಐದು ದಿನಕ್ಕೆ ತಿರುಗಿ ಬಂದಾಗ ಅಕ್ಕ ಮೇಜಿನ ಆ ಬದಿಗೆ ಸರಿದು ಕೂತಳು. ನಿಯಮ ಮಾತ್ರ ಬದಲಾಯಿತು, ದಿನಕ್ಕೆ ಮೂರು ವಾಕ್ಯ. ದೀಪಾವಳಿಯ ಹೊತ್ತಿಗೆ ಒಂದು ಪುಟ, ಸಂಕ್ರಾಂತಿ ಕಳೆದಮೇಲೆ ಮೂರು ನಾಲ್ಕು ಪುಟ. ಓಡದೆಯೇ ವೇಗ ತಾನಾಗಿ ಬಂದಿತ್ತು.

ನಡುವೆ ಬೀಬಿಜಾನವ್ವನ ಪರವಾಗಿ ಸೈನ್ಯದ ಕಚೇರಿಗೆ ಒಂದು ಪತ್ರ ಬರೆದೆವು. ಅರ್ಜಿ ಬರೆಯುವ ಪುಸ್ತಕವೊಂದು ನನ್ನ ಹತ್ತಿರವಿತ್ತು. ಅದರಿಂದ ಪಾದಕ್ಕೆರಗುವ, ಬಿನ್ನವಿಸುವ ಉದ್ದುದ್ದ ಸಾಲುಗಳನ್ನು ಇಳಿಸಿದೆ. ಅಕ್ಕ ಒಂದೊಂದಕ್ಕೂ ಅರ್ಥ ಕೇಳಿದಳು. ಅರ್ಧಕ್ಕೆ ಅರ್ಥವೇ ಇರಲಿಲ್ಲ.

"ಆಕಿ ಏನು ಕೇಳಾಕತ್ತಾಳ?" ಅಂದಳು ಅಕ್ಕ. "ಅದನ್ನಷ್ಟ ಬರಿ."

ಬೀಬಿಜಾನವ್ವನನ್ನೇ ಕರೆದು ಕೂಡಿಸಿ ಕೇಳಿದೆವು. ಅವಳು ಹೇಳಿದ್ದು ನಾಲ್ಕು ಮಾತು. ನನ್ನ ಮಗ ನಿಮ್ಮ ಲಾರಿ ಓಡಿಸುತ್ತಿದ್ದ. ಅವನು ಕಾಣೆಯಾಗಿದ್ದಾನೆಂದು ನೀವು ಬರೆದಿದ್ದೀರಿ. ಆಮೇಲೆ ಏನಾದರೂ ಗೊತ್ತಾಗಿದೆಯೇ? ನಾನೂ ಅವನ ಹೆಂಡತಿಯೂ ಕಾಯುತ್ತಿದ್ದೇವೆ. ಆ ನಾಲ್ಕು ಮಾತನ್ನು ಇಂಗ್ಲಿಷಿಗೆ ತರಲು ನಮಗೆ ಮೂರು ಮುಂಜಾನೆ ಬೇಕಾದವು. ನಾನು ನನ್ನದೇ ಎಂದು ಹೇಳಿಕೊಳ್ಳಬಹುದಾದ ಮೊದಲ ಇಂಗ್ಲಿಷ್ ಬರವಣಿಗೆ ಅದು. ಬೀಬಿಜಾನವ್ವ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಉತ್ತರ ಬಂದದ್ದು ನಾಲ್ಕು ತಿಂಗಳ ಮೇಲೆ. ಈ ಸಲ ನಾನು ಕಟ್ಟೆಯ ಮೇಲೆ ನಿಲ್ಲಲಿಲ್ಲ. ಎಲ್ಲರೂ ಕಾದು ಕೂತಿರುವಾಗ, ಮನಸ್ಸಿನಲ್ಲಿ ಎರಡು ಸಲ ಓದಿ, ಅಕ್ಕನಿಗೆ ಕೊಟ್ಟೆ. ಅವಳು ಒಂದು ಸಲ ಓದಿ ನನಗೇ ತಿರುಗಿ ಕೊಟ್ಟಳು.

"ನೀನ ಹೇಳು," ಅಂದಳು.

"ದಾವಲಸಾಬ ಇಟಲಿ ದೇಶದಾಗ ಸೆರಿಯಾಗ ಅದಾನ. ಜೀವಂತ ಅದಾನ ಅಂತ ಬರದಾರ."

ಬೀಬಿಜಾನವ್ವ ನನ್ನನ್ನು ಬಿಟ್ಟು ಅಕ್ಕನ ಮುಖ ನೋಡಿದಳು. ಅಕ್ಕ ಹೌದೆಂದು ತಲೆಯಾಡಿಸಿದಳು. ಆಗಲೇ ಆ ತಾಯಿ ಅತ್ತದ್ದು. ನನಗೆ ಅದರಿಂದ ಬೇಸರವಾಗಲಿಲ್ಲ. ಮಾಬೂಬಿ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಮತ್ತೊಮ್ಮೆ ಓದ್ರಿ," ಎಂದಳು. ಮತ್ತೆ ಓದಿದೆ. ಯುದ್ಧ ಮುಗಿದಮೇಲೆ ದಾವಲಸಾಬ ಬಂದ. ಒಂದು ಕಿವಿ ಕೇಳುತ್ತಿರಲಿಲ್ಲ, ತಲೆ ಅರ್ಧ ನರೆತಿತ್ತು. ಮತ್ತೆ ಅದೇ ಹುಬ್ಬಳ್ಳಿಯ ಹಾದಿಯಲ್ಲಿ ಮೋಟಾರು ಓಡಿಸಿದ.

ಆ ಬೇಸಿಗೆಯ ಪರೀಕ್ಷೆಯಲ್ಲಿ ನಾನು ಪಾಸಾದೆ. ದೊಡ್ಡ ದರ್ಜೆಯೇನೂ ಅಲ್ಲ. ಆದರೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲ ಸಲ ಅದನ್ನು ಪೂರ್ತಿ ಓದಿದ್ದೆ, ಏನು ಕೇಳಿದ್ದಾರೆಂದು ತಿಳಿದಿತ್ತು. ಅಪ್ಪ ಸುದ್ದಿ ಕೇಳಿ, ನನ್ನ ಬಾಚಿಯನ್ನು ಎತ್ತಿ ಒರೆಸಿ ಗೂಟಕ್ಕೆ ಸಿಗಿಸಿದ. ಮುಂದೆ ಬಿ.ಎ. ಮುಗಿಸಿ ಹಾನಗಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾದೆ. ಅಕ್ಕ ಅಷ್ಟರಲ್ಲಿ ಬಂಕಾಪುರದ ಶಾಲೆಗೆ ವರ್ಗವಾಗಿದ್ದಳು. ಇಬ್ಬರೂ ರಜೆಗೆ ಶಿಗ್ಗಾಂವಿಗೆ ಬಂದಾಗಲೆಲ್ಲ ಮೇಜಿನ ಎರಡು ಬದಿಗೆ ಕೂರುವುದು ತಪ್ಪಲಿಲ್ಲ. ಅವಳು ಎಲ್ಲಿಯ ತನಕ ಓದಿದ್ದಳೆಂಬುದು ನನಗೂ ಗೊತ್ತಿರಲಿಲ್ಲ. ಮೂವತ್ತು ದಾಟಿದ ಮೇಲೆ, ಹೊರಗಿನಿಂದ ಮೆಟ್ರಿಕ್ ಪರೀಕ್ಷೆಗೆ ಕೂರುತ್ತೇನೆಂದು ಪತ್ರ ಬರೆದಳು. ಆ ಪತ್ರ ಇಂಗ್ಲಿಷಿನಲ್ಲಿತ್ತು. ಚಿಕ್ಕ ಚಿಕ್ಕ ವಾಕ್ಯ. ತಿದ್ದುವಂಥದ್ದು ಒಂದೂ ಸಿಗಲಿಲ್ಲ.

ಪರೀಕ್ಷೆಗೆ ಧಾರವಾಡಕ್ಕೆ ನಾನೇ ಕರೆದುಕೊಂಡು ಹೋದೆ. ಎರಡು ಜಡೆಯ ಹುಡುಗಿಯರ ನಡುವೆ ಅಕ್ಕ ಬಿಳಿ ಸೀರೆಯುಟ್ಟು ಒಳಗೆ ಹೋದಾಗ, ಕೆಲವರು ಅವಳನ್ನು ಮೇಲ್ವಿಚಾರಕಿಯೆಂದು ತಿಳಿದು ಎದ್ದು ನಿಂತರು. ಕೊನೆಯದಾದ ಇಂಗ್ಲಿಷ್ ಪತ್ರಿಕೆಯ ದಿನ ಎಲ್ಲರೂ ಹೊರಗೆ ಬಂದಮೇಲೆ ಕೊನೆಗೆ ಬಂದಳು.

"ಎರಡು ಪ್ರಶ್ನಿ ಉಳದುವು," ಅಂದಳು.

"ಬರತಿರಲಿಲ್ಲೇನು?"

"ಬರತಿದ್ದುವು. ಹೊತ್ತು ಸಾಲಲಿಲ್ಲ. ಬರದಿದ್ದರಾಗ ಮಾತ್ರ ನನಗ ಗೊತ್ತಿಲ್ಲದ್ದು ಒಂದೂ ಇಲ್ಲ."

ಅವಳು ಪಾಸಾದಳು. ಅದು ಆಮೇಲೆ ತಿಳಿದ ಮಾತು. ನನಗೆ ಚೆನ್ನಾಗಿ ನೆನಪಿರುವುದು ಆ ದಿನ ಊರಿಗೆ ಬಂದ ಮೋಟಾರಿನ ಪ್ರಯಾಣ. ಹುಬ್ಬಳ್ಳಿ ದಾಟುತ್ತಲೇ ಅಕ್ಕ ಚೀಲದಿಂದ ಪ್ರಶ್ನೆಪತ್ರಿಕೆ ತೆಗೆದು ತೊಡೆಯ ಮೇಲೆ ಹರಡಿದಳು. ಬಿಟ್ಟುಬಂದ ಎರಡು ಪ್ರಶ್ನೆಗಳಿಗೆ ಉತ್ತರವನ್ನು ನನಗೆ ಬಾಯಲ್ಲಿ ಹೇಳತೊಡಗಿದಳು. ಪದ ಸಿಗದ ಕಡೆ ನಿಲ್ಲುತ್ತಿದ್ದಳು, ಕಿಟಕಿಯಾಚೆ ನೋಡುತ್ತಿದ್ದಳು, ಸಿಕ್ಕಮೇಲೆ ಮುಂದೆ ಹೋಗುತ್ತಿದ್ದಳು. ತಡಸ ಬರುವ ಹೊತ್ತಿಗೆ ಒಂದು ಪ್ರಶ್ನೆ ಮುಗಿಯಿತು. ಎರಡನೆಯದು ದೊಡ್ಡದು. ಶಿಗ್ಗಾಂವಿಯಲ್ಲಿ ಮೋಟಾರು ನಿಂತಿತು, ಜನ ಇಳಿದರು, ಅಕ್ಕ ಇಳಿಯಲಿಲ್ಲ. ಕಂಡಕ್ಟರು ನಮ್ಮ ಹತ್ತಿರ ಬಂದ.

"ಇಳೀರಿ ಅಕ್ಕಾರ, ನಿಮ್ಮ ಊರ ಬಂತು."

"ಒಂದ ಚೂರು ತಡೀರಿ ತಮ್ಮಾ, ಮುಗಿಯಾಕ ಬಂತು," ಅಂದಳು ಅಕ್ಕ.

ಅವಳ ಕೈಯಲ್ಲಿದ್ದ ಕಾಗದ ನೋಡಿ ಕಂಡಕ್ಟರು ಬಾಗಿಲಿಗೆ ಒರಗಿ ನಿಂತ. ಅಕ್ಕ ಅವಸರ ಮಾಡದೆ ಕೊನೆಯ ವಾಕ್ಯವನ್ನು ಪೂರ್ತಿಯಾಗಿ ಹೇಳಿದಳು. ಪತ್ರಿಕೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಕಂಡಕ್ಟರನಿಗೆ ಕೈಮುಗಿದು ಇಳಿದಳು.